ಆರ್ಕಿಡ್ ಪಾಟ್ ಬದಲಿಸುವ ಕ್ರಮ: ಮುಂಬಯಿ ಬಾಲ್ಕನಿಯವರಿಗೆ ಸಮಗ್ರ ಮಾರ್ಗದರ್ಶಿ

"ಅಕ್ಕಾ, ನೀವು ಹೇಳಿದ ಹಾಗೇ ಇದ್ದಿಲು ಹಾಕಿ ನೆಟ್ಟಿದ್ದೆ, ಆದ್ರೂ ಎಲೆ ಉದುರ್ತಾ ಇದೆ." ಪ್ರತಿ ಮಳೆಗಾಲದಲ್ಲೂ ಮುಲುಂಡಿನಿಂದ, ಮೀರಾ ರೋಡಿನಿಂದ, ನಮ್ಮ ಡೊಂಬಿವಲಿಯ ಪಕ್ಕದ ಗಲ್ಲಿಯಿಂದಲೂ ಇದೇ ಮಾತು, ಜೊತೆಗೊಂದು ಫೋಟೋ. ಫೋಟೋ ಹಿಗ್ಗಿಸಿ ನೋಡಿದರೆ ಕಾರಣ ಹೆಚ್ಚಾಗಿ ಮೂರರಲ್ಲೊಂದು. ಪಾಟ್ ಗಿಡಕ್ಕಿಂತ ತುಂಬ ದೊಡ್ಡದಾಗಿರುತ್ತದೆ. ಇಲ್ಲವೇ ಬೇರು ಕತ್ತರಿಸಿದ ದಿನವೇ ನೀರು ಸುರಿದಿರುತ್ತಾರೆ. ಇಲ್ಲವೇ ಗಿಡ ಪಾಟಿನಲ್ಲಿ ಸಡಿಲವಾಗಿ ಅಲುಗಾಡುತ್ತಿರುತ್ತದೆ. ಸಾಮಾನೆಲ್ಲ ಸರಿಯಾಗಿಯೇ ತಂದಿರುತ್ತಾರೆ, ಕೆಲಸದ ಹಿಂದುಮುಂದು ತಪ್ಪಿರುತ್ತದೆ. ಅದಕ್ಕೇ ಇಲ್ಲಿ ಯಾವುದಾದ ಮೇಲೆ ಯಾವುದು ಎಂಬುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದು ಸಂಗತಿ ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸುಲಭ. ನಾವು ಮನೆಯಲ್ಲಿ ಸಾಕುವ ಆರ್ಕಿಡ್‌ಗಳು ಮರದ ಕೊಂಬೆ ಹಿಡಿದು ಬೆಳೆಯುವ ಜಾತಿಯವು. ಊರಲ್ಲಿ ಹಲಸಿನ ಮರದ ಮೇಲೆ ಸೀತಾಳೆ ದಂಡೆ ನೋಡಿದವರಿಗೆ ಇದು ಗೊತ್ತು. ಅದು ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಮಳೆ ಬಂದಾಗ ಬೇರು ತೋಯುತ್ತದೆ, ಮಳೆ ನಿಂತರೆ ಗಾಳಿಗೆ ಒಣಗುತ್ತದೆ. ಬೇರಿನ ಮೇಲಿನ ಸ್ಪಂಜಿನಂಥ ಬೆಳ್ಳಗಿನ ಪದರ ಸಿಕ್ಕಷ್ಟು ನೀರನ್ನು ಬೇಗ ಹೀರಿಕೊಳ್ಳುವುದಕ್ಕೇ ಇರುವುದು. ಅದೇ ಪದರ ದಿನಗಟ್ಟಲೆ ಒದ್ದೆಯಾಗಿ ಕೂತರೆ ಬೇರಿಗೆ ಉಸಿರು ಕಟ್ಟುತ್ತದೆ.

## ಮೊದಲು, ನಿಮ್ಮದು ಯಾವ ಗಿಡ?

ಇಲ್ಲಿನ ನರ್ಸರಿಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು. ಅಗಲವಾದ ದಪ್ಪ ಎಲೆಗಳು ಬುಡದಲ್ಲೇ ಎದುರುಬದುರಾಗಿ ಕೂತು, ಉದ್ದನೆಯ ಹೂದಂಡಿನಲ್ಲಿ ಚಿಟ್ಟೆಯಂಥ ದೊಡ್ಡ ಹೂ ಬಿಟ್ಟರೆ ಅದು ಫೆಲನಾಪ್ಸಿಸ್. ಕಬ್ಬಿನ ಜಲ್ಲೆಯ ಹಾಗೆ ಗೆಣ್ಣು ಗೆಣ್ಣಾದ ಕಾಂಡಗಳು ಸಾಲಾಗಿ ಎದ್ದಿದ್ದರೆ ಡೆಂಡ್ರೋಬಿಯಂ. ಮುಂಬಯಿಯ ಸೆಕೆ, ತೇವ ಡೆಂಡ್ರೋಬಿಯಂಗೆ ಒಗ್ಗುತ್ತದೆ. ಫೆಲನಾಪ್ಸಿಸ್ ಬದುಕುತ್ತದೆ, ಆದರೆ ಮತ್ತೆ ಹೂ ಬಿಡಲು ಸತಾಯಿಸುತ್ತದೆ. ಮೊದಲ ಗಿಡ ಕೊಳ್ಳುವವರು ಡೆಂಡ್ರೋಬಿಯಂ ತನ್ನಿ. ಚಂದ ಕಡಿಮೆ ಅನ್ನಿಸಿದರೂ ನಮ್ಮ ಹವೆಯಲ್ಲಿ ನಿಂತು ಬಾಳುವುದು ಅದೇ.

ವ್ಯಾಂಡಾ ಎಂಬ ಇನ್ನೊಂದು ಆರ್ಕಿಡ್‌ನ ಮಾತು ಬೇರೆ. ಅದಕ್ಕೆ ಪಾಟೂ ಬೇಡ, ಇದ್ದಿಲೂ ಬೇಡ. ಬರಿಯ ಬುಟ್ಟಿಯಲ್ಲಿ ನೇತುಹಾಕಿದರೆ ಸಾಕು.

## ಯಾವಾಗ ಬದಲಿಸಬೇಕು, ಯಾವಾಗ ಮುಟ್ಟಬಾರದು

ಡೆಂಡ್ರೋಬಿಯಂ: ಬುಡದಲ್ಲಿ ಹೊಸ ಮೊಳಕೆ ಎರಡು ಮೂರು ಅಂಗುಲ ಎದ್ದು, ಅದರ ಕಾಲಬುಡದಲ್ಲಿ ಹೊಸ ಬೇರಿನ ಹಸಿರು ತುದಿ ಆಗಷ್ಟೇ ಇಣುಕುತ್ತಿರುವಾಗ. ಆ ಬೇರು ನೇರವಾಗಿ ಹೊಸ ಮಿಶ್ರಣಕ್ಕೇ ಇಳಿಯುತ್ತದೆ. ನಮ್ಮಲ್ಲಿ ಇದು ಹೆಚ್ಚಾಗಿ ಮಾರ್ಚಿನಿಂದ ಮೇ ಮಧ್ಯದವರೆಗೆ ಬರುತ್ತದೆ.

ಫೆಲನಾಪ್ಸಿಸ್: ಹೂ ಪೂರ್ತಿ ಉದುರಿದ ಮೇಲೆ. ಹೂವಿರುವಾಗ ಪಾಟ್ ಬದಲಿಸಿದರೆ ಮೊಗ್ಗುಗಳು ಹಳದಿಯಾಗಿ ಬೀಳುತ್ತವೆ.

ಜುಲೈ, ಆಗಸ್ಟಿನಲ್ಲಿ ಕೈ ಹಚ್ಚಬೇಡಿ. ಜುಲೈ ಒಂದರಲ್ಲೇ 800 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಬಟ್ಟೆಯೇ ಒಣಗದ ಗಾಳಿಯಲ್ಲಿ ಕತ್ತರಿಸಿದ ಬೇರಿನ ಗಾಯ ಹೇಗೆ ಒಣಗೀತು? ಜೂನ್ ಎರಡನೇ ವಾರದ ಹೊತ್ತಿಗೆ ಮಳೆ ಹಿಡಿಯುತ್ತದೆ. ಅದಕ್ಕೆ ಕನಿಷ್ಠ ಮೂರು ನಾಲ್ಕು ವಾರ ಮುಂಚೆ ಕೆಲಸ ಮುಗಿದಿರಬೇಕು. ತಪ್ಪಿಹೋಯಿತಾ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ತನಕ ಕಾಯಿರಿ. ಬುಡ ಕೊಳೆಯುತ್ತಿದ್ದರೆ ಮಾತ್ರ ಈ ನಿಯಮ ಬದಿಗಿಟ್ಟು ಅಂದೇ ಬಿಚ್ಚಿ.

ಎಷ್ಟು ವರ್ಷಕ್ಕೊಮ್ಮೆ? ತೆಂಗಿನ ಸಿಪ್ಪೆಯಲ್ಲಿದ್ದರೆ ಒಂದೂವರೆ ಎರಡು ವರ್ಷ, ಇದ್ದಿಲು-ಇಟ್ಟಿಗೆಯಲ್ಲಿದ್ದರೆ ಮೂರು ವರ್ಷದವರೆಗೂ ನಡೆಯುತ್ತದೆ. ಮಿಶ್ರಣ ಬೆರಳಿಗೆ ಸಿಕ್ಕರೆ ಪುಡಿಯಾಗುತ್ತಿದೆಯೇ, ಒದ್ದೆ ಗೋಣಿಯ ವಾಸನೆ ಬರುತ್ತಿದೆಯೇ, ಹೊಸ ಜಲ್ಲೆ ಪಾಟಿನ ಅಂಚು ದಾಟಿ ಗಾಳಿಯಲ್ಲಿ ನೇತಾಡುತ್ತಿದೆಯೇ ನೋಡಿ. ಬೇರು ಪಾಟಿನಿಂದ ಹೊರಗೆ ಬಂದಿದೆ ಎಂಬುದೊಂದೇ ಕಾರಣಕ್ಕೆ ಬದಲಿಸಬೇಕಿಲ್ಲ, ಹೊರಗೆ ಬರುವುದು ಅದರ ಸ್ವಭಾವ.

## ಬೇಕಾಗುವ ಸಾಮಾನು

- ಮರದ ಇದ್ದಿಲು, ಸುಮಾರು ಒಂದಂಗುಲದ ತುಂಡುಗಳು. ಇಸ್ತ್ರಿ ಅಂಗಡಿಯವರು, ತಂದೂರಿಗೆ ಮಾರುವವರು ಕೊಡುತ್ತಾರೆ. ಪುಡಿಯನ್ನು ಅಚ್ಚೊತ್ತಿ ಮಾಡಿದ ಉಂಡೆಗಳು ಬೇಡ.
- ಕೆಂಪು ಇಟ್ಟಿಗೆ ಚೂರು, ಅದೇ ಅಳತೆ.
- ತೆಂಗಿನ ಸಿಪ್ಪೆಯ ತುಂಡುಗಳು. ಪುಡಿ ಮಾಡಿದ ಕೋಕೋಪೀಟ್ ಬೇಡವೇ ಬೇಡ.
- ಸುತ್ತಲೂ ತೂತಿರುವ ಮಣ್ಣಿನ ಪಾಟ್, ಅಥವಾ ಪ್ಲಾಸ್ಟಿಕ್ ಜಾಲರಿ ಬುಟ್ಟಿ. ಫೆಲನಾಪ್ಸಿಸ್‌ಗೆ ಪಾರದರ್ಶಕ ಪಾಟ್ ಸಿಕ್ಕರೆ ಬೇರಿನ ಬಣ್ಣ ಹೊರಗಿಂದಲೇ ಕಾಣುತ್ತದೆ.
- ಹರಿತವಾದ ಕತ್ತರಿ, ಲೈಟರ್.
- ಬಿದಿರು ಕಡ್ಡಿ, ಹಳೆಯ ಹತ್ತಿ ಸೀರೆಯ ಅಂಚು ಅಥವಾ ಮೆತ್ತಗಿನ ದಾರ.
- ಕಾರ್ಬೆಂಡಾಜಿಮ್ ಮತ್ತು ಮ್ಯಾಂಕೋಜೆಬ್ ಕೂಡಿದ ಶಿಲೀಂಧ್ರನಾಶಕ, ಕೈಗವಸು.

ಒಂದು ಎಚ್ಚರಿಕೆಯೂ ಇದೆ. ಮರಾಠಿಯಲ್ಲಿ ಹೂವಿನ ಪಾಟಿಗೆ "ಕುಂಡಿ" ಎನ್ನುತ್ತಾರೆ. ಊರಿಂದ ಬಂದ ನಮ್ಮತ್ತೆಯನ್ನು ನರ್ಸರಿಗೆ ಕರೆದೊಯ್ದಾಗ ಅಂಗಡಿಯವನು "ಮೋಠೀ ಕುಂಡಿ ಪಾಹಿಜೇ ಕಾ?" ಎಂದು ಕೇಳಿದ್ದೇ ತಡ, ಅವರು ಸೆರಗು ಬಾಯಿಗಿಟ್ಟುಕೊಂಡು ರಿಕ್ಷಾದಲ್ಲಿ ಹೋಗಿ ಕೂತರು. ಅವನು ಕೇಳಿದ್ದು ದೊಡ್ಡ ಪಾಟ್ ಬೇಕೇ ಅಂತ. ಬೇಡ ಅನ್ನಿ. ಯಾಕೆ ಎಂಬುದು ಹಂತ 5ರಲ್ಲಿದೆ.

ಮಣ್ಣು ಪಟ್ಟಿಯಲ್ಲಿ ಇಲ್ಲ. ಕೆಂಪು ಮಣ್ಣು, ಸೆಗಣಿ ಗೊಬ್ಬರ, ಎರೆಗೊಬ್ಬರ ಯಾವುದೂ ಆರ್ಕಿಡ್ ಪಾಟಿನೊಳಗೆ ಹೋಗಬಾರದು. ತಳದಲ್ಲಿ ತೂತಿಲ್ಲದ ಪಿಂಗಾಣಿ ಪಾಟ್ ಉಡುಗೊರೆ ಬಂದಿದ್ದರೆ ಅದರಲ್ಲಿ ಪೆನ್ನು ಇಡಿ.

## ಹಂತ 1: ಹಿಂದಿನ ದಿನ ಮಾಡಿಡಬೇಕಾದ್ದು

ಬಹಳ ಜನ ಬಿಡುವ ಹಂತ ಇದು. ಇದ್ದಿಲು, ಇಟ್ಟಿಗೆ ಚೂರನ್ನು ಬಕೆಟ್ಟಿನಲ್ಲಿ ತೊಳೆದು ಮಸಿ ನೀರು ಚೆಲ್ಲಿ, ರಾತ್ರಿಯಿಡೀ ನೆನೆಯಲು ಬಿಡಿ. ತೆಂಗಿನ ಸಿಪ್ಪೆಯನ್ನು ಬೇರೆ ಬಕೆಟ್ಟಿನಲ್ಲಿ ಕನಿಷ್ಠ 24 ಗಂಟೆ ನೆನೆಸಿ, ನಡುವೆ ಮೂರು ನಾಲ್ಕು ಸಲ ನೀರು ಬದಲಿಸಿ. ಮೊದಲ ನೀರು ಕಡು ಚಹಾದ ಬಣ್ಣಕ್ಕಿರುತ್ತದೆ. ಕರಾವಳಿಯ ತೆಂಗಿನ ಸಿಪ್ಪೆಯಲ್ಲಿ ಉಪ್ಪೂ ಇರುತ್ತದೆ, ಅದು ಹೋಗದಿದ್ದರೆ ಹೊಸ ಬೇರಿನ ತುದಿ ಸುಟ್ಟು ಕಪ್ಪಾಗುತ್ತದೆ. ನೀರು ತಿಳಿಯಾದ ಮೇಲೆ ಎಲ್ಲವನ್ನೂ ಜರಡಿಗೆ ಹಾಕಿ ನೆರಳಲ್ಲಿ ಹರವಿ. ನೆಡುವ ಹೊತ್ತಿಗೆ ತುಂಡಿನ ಹೊರಮೈ ಒಣಗಿರಬೇಕು, ಒಳಗೆ ಸ್ವಲ್ಪ ತೇವ ಉಳಿದಿದ್ದರೆ ಸಾಕು.

ಮುಂಬಯಿಗೆ ನಾನು ಹಾಕುವ ಅಳತೆ: ಡೆಂಡ್ರೋಬಿಯಂಗೆ ಎರಡು ಪಾಲು ಇದ್ದಿಲು, ಒಂದು ಪಾಲು ಇಟ್ಟಿಗೆ, ಸಿಪ್ಪೆ ಒಂದು ಹಿಡಿಯಷ್ಟೇ. ಫೆಲನಾಪ್ಸಿಸ್‌ಗೆ ಇದ್ದಿಲು ಮತ್ತು ಸಿಪ್ಪೆ ಸಮಸಮ.

ಗಿಡಕ್ಕೂ ಹಿಂದಿನ ದಿನ ನೀರು ಕೊಟ್ಟಿರಿ. ಗರಿಗರಿ ಒಣಗಿದ ಬೇರು ಮುರಿಯುತ್ತದೆ, ತೇವವಿದ್ದರೆ ಬಾಗುತ್ತದೆ.

## ಹಂತ 2: ಗಿಡವನ್ನು ಬಿಡಿಸುವುದು

ಪ್ಲಾಸ್ಟಿಕ್ ಪಾಟ್ ಆಗಿದ್ದರೆ ಸುತ್ತಲೂ ಮೆತ್ತಗೆ ಹಿಸುಕಿ, ಬುಡ ಹಿಡಿದು ಎತ್ತಿ. ಬಾರದಿದ್ದರೆ ಪಾಟನ್ನೇ ಕತ್ತರಿಸಿ, ಇಪ್ಪತ್ತು ರೂಪಾಯಿ ಪಾಟಿಗಾಗಿ ಬೇರು ಎಳೆಯಬೇಡಿ. ಮಣ್ಣಿನ ಪಾಟಿಗೆ ಬೇರು ಅಂಟಿದ್ದರೆ ಅರ್ಧ ಗಂಟೆ ನೀರಲ್ಲಿ ಮುಳುಗಿಸಿಟ್ಟು, ಚಪ್ಪಟೆ ಚಾಕುವಿನ ಬೆನ್ನಿನಿಂದ ಬಿಡಿಸಿ. ಒಂದೆರಡು ಇದ್ದಿಲು ತುಂಡು ಬೇರಿಗೆ ಕಚ್ಚಿಕೊಂಡೇ ಬಂದರೆ ಹಾಗೇ ಇರಲಿ.

ಇನ್ನು, ಹೊಸ ಫೆಲನಾಪ್ಸಿಸ್ ತಂದವರು ಗಮನಿಸಬೇಕಾದ ಒಂದು ಕಳ್ಳ ಜಾಗವಿದೆ. ಸುತ್ತಲಿನ ಹಳೆಯ ಮಿಶ್ರಣ ಕೊಡವಿದ ಮೇಲೂ ಕಾಂಡದ ಅಡಿಯಲ್ಲಿ, ಬೇರುಗಳು ಕವಲೊಡೆಯುವ ನಡುಭಾಗದಲ್ಲಿ, ನಿಂಬೆಹಣ್ಣಿನ ಗಾತ್ರದ ಒಂದು ಉಂಡೆ ಉಳಿಯುತ್ತದೆ. ಸಸಿಯಾಗಿದ್ದಾಗ ನೆಟ್ಟ ಮಾಸ್ (ಒಣಗಿಸಿದ ಪಾಚಿ) ಅಥವಾ ಸ್ಪಂಜು ಅದು, ಕೆಲವೊಮ್ಮೆ ಮೇಲೊಂದು ತೆಳು ಬಲೆಯೂ ಸುತ್ತಿರುತ್ತದೆ. ಹೊರಗಿನದ್ದೆಲ್ಲ ಒಣಗಿದರೂ ಈ ಉಂಡೆ ವಾರಗಟ್ಟಲೆ ಒದ್ದೆಯಾಗಿರುತ್ತದೆ. ನನ್ನ ಮೊದಲ ಫೆಲನಾಪ್ಸಿಸ್ ಸತ್ತದ್ದು ಇದರಿಂದಲೇ. ಒಂದು ನರ್ಸರಿಯವನು "ಬೇರು ಮುಟ್ಟಬೇಡಿ, ಹಾಗೇ ಎತ್ತಿ ಇಡಿ" ಅಂದಿದ್ದ. ನಾನೂ ಹಾಗೇ ಎತ್ತಿ ಇದ್ದಿಲಿನ ನಡುವೆ ಇಟ್ಟೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಎಲೆ ಒರೆಸಲು ಹಿಡಿದರೆ, ಇಡೀ ಗಿಡ ಬೇರಿಲ್ಲದೆ ಕೈಗೇ ಬಂತು. ಉಂಡೆಯೊಳಗೆ ಅಡುಗೆಮನೆಯ ಹಳೇ ಸ್ಕ್ರಬ್ಬಿನ ವಾಸನೆ.

ಹಾಗಾಗಿ ಹತ್ತು ನಿಮಿಷ ನೀರಲ್ಲಿ ನೆನೆಸಿ, ಬಲೆ ಕತ್ತರಿಸಿ, ಹಳೆಯ ಟೂತ್‌ಬ್ರಷ್ಷಿನ ಹಿಡಿ ಅಥವಾ ಬಿದಿರು ಕಡ್ಡಿಯಿಂದ ಚೂರು ಚೂರೇ ಕೆದರಿ ತೆಗೆಯಿರಿ. ಅವಸರ ಬೇಡ. ಒಂದೆರಡು ಬೇರು ಮುರಿದರೂ ನಷ್ಟವಿಲ್ಲ, ಉಂಡೆ ಉಳಿದರೆ ನಷ್ಟ.

## ಹಂತ 3: ಬೇರನ್ನು ನೋಡಿ ಕತ್ತರಿಸುವುದು

ಹರಿಯುವ ನೀರಿನ ಕೆಳಗೆ ಬೇರು ತೊಳೆದು ಬೆಳಕಿಗೆ ಹಿಡಿಯಿರಿ. ಕಣ್ಣಿಗಿಂತ ಬೆರಳನ್ನು ನಂಬಿ. ಒಳ್ಳೆಯ ಬೇರನ್ನು ಎರಡು ಬೆರಳಲ್ಲಿ ಒತ್ತಿದರೆ ಹುರುಳಿಕಾಯಿಯಂತೆ ಗಟ್ಟಿ ಸಿಗುತ್ತದೆ. ನೀರು ತಾಗಿದಾಗ ಹಸಿರಾಗುತ್ತದೆ, ಒಣಗಿದಾಗ ಬೂದಿ ಬಿಳುಪಾಗುತ್ತದೆ. ಪಾಟಿನೊಳಗೆ ಬೆಳಕು ಕಾಣದೆ ಹಳದಿ ಅಥವಾ ತೆಳು ಕಂದಾದ ಬೇರೂ ಗಟ್ಟಿಯಿದ್ದರೆ ಜೀವಂತವೇ. ಬಣ್ಣ ನೋಡಿ ಇದನ್ನು ಕತ್ತರಿಸಿ ಹಾಕಿದವರು ಬಹಳ ಮಂದಿ.

ಸತ್ತ ಬೇರು ಒತ್ತಿದರೆ ನೀರು ಬಿಡುತ್ತದೆ, ಅಥವಾ ಪೊಳ್ಳಾಗಿ ಚಪ್ಪಟೆಯಾಗುತ್ತದೆ. ಅನುಮಾನವಿದ್ದರೆ ಮೆಲ್ಲಗೆ ಎಳೆದು ನೋಡಿ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ ಅದು ಹೋಯಿತು. ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸುತ್ತಾ ಬನ್ನಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಕಾಣದೆ ಬಿಳಿ ಕಂಡಾಗ ನಿಲ್ಲಿಸಿ.

ಪ್ರತಿ ಗಿಡಕ್ಕೂ ಮೊದಲು ಕತ್ತರಿಯನ್ನು ಲೈಟರಿನ ಉರಿಯಲ್ಲಿ ಕೆಲವು ಸೆಕೆಂಡು ಕಾಯಿಸಿ, ಆರಿಸಿ. ಆರ್ಕಿಡ್‌ನ ವೈರಸ್ ರೋಗಗಳು ಒಂದು ಗಿಡದ ರಸ ಇನ್ನೊಂದಕ್ಕೆ ತಾಗಿ ಹರಡುತ್ತವೆ, ಅವಕ್ಕೆ ಮದ್ದಿಲ್ಲ. ಸ್ಪಿರಿಟ್ ಒರೆಸಿದರೆ ಸಾಲದು. ಲೈಟರ್ ಹಚ್ಚುವಾಗ ಪಕ್ಕದಲ್ಲಿ ಸ್ಪಿರಿಟ್ ಬಾಟಲಿ ಇರದಂತೆ ನೋಡಿಕೊಳ್ಳಿ.

ಡೆಂಡ್ರೋಬಿಯಂನಲ್ಲಿ ಇಲ್ಲೇ ಇನ್ನೊಂದು ತಪ್ಪಾಗುತ್ತದೆ. ಎಲೆ ಉದುರಿದ ಬೋಳು ಜಲ್ಲೆಗಳನ್ನು "ಒಣಗಿವೆ" ಎಂದು ಕತ್ತರಿಸಿಬಿಡುತ್ತಾರೆ. ಅವು ಗಿಡದ ಉಗ್ರಾಣ. ನೀರು, ಆಹಾರ ಎರಡೂ ಅಲ್ಲಿವೆ, ಅದೇ ಬೋಳು ಜಲ್ಲೆಯ ತುದಿಯಲ್ಲಿ ಮತ್ತೆ ಹೂದಂಡು ಬರುವುದೂ ಉಂಟು. ಪೂರ್ತಿ ಕಂದಾಗಿ, ಒತ್ತಿದರೆ ಪೊಳ್ಳಾದದ್ದನ್ನು ಮಾತ್ರ ತೆಗೆಯಿರಿ. ಗಿಡ ಎರಡು ಮಾಡುವ ಆಸೆಯಿದ್ದರೆ ಒಂದೊಂದು ಪಾಲಿಗೂ ಕನಿಷ್ಠ ಮೂರು ನಾಲ್ಕು ಗಟ್ಟಿ ಜಲ್ಲೆ ಇರಬೇಕು. ಒಂದೊಂದೇ ಜಲ್ಲೆ ಬೇರ್ಪಡಿಸಿ ನೆಂಟರಿಗೆಲ್ಲ ಹಂಚಿದರೆ ಯಾರ ಮನೆಯಲ್ಲೂ ಎರಡು ವರ್ಷ ಹೂ ಕಾಣುವುದಿಲ್ಲ.

## ಹಂತ 4: ಗಾಯ ಒಣಗಲು ಬಿಡುವುದು

ಕೊಳೆತ ಬೇರು ಹೆಚ್ಚಿದ್ದರೆ ಶಿಲೀಂಧ್ರನಾಶಕವನ್ನು ಲೀಟರಿಗೆ 2 ಗ್ರಾಂ ಕಲಸಿ, ಕೈಗವಸು ಹಾಕಿಕೊಂಡು, ಬೇರನ್ನು ಹತ್ತು ನಿಮಿಷ ಅದ್ದಿ. ಅಡುಗೆ ಪಾತ್ರೆ ಬಳಸಬೇಡಿ. ಬೇರು ಚೆನ್ನಾಗಿದ್ದು ಒಂದೆರಡು ತುದಿ ಮಾತ್ರ ಕತ್ತರಿಸಿದ್ದರೆ ಇದರ ಅಗತ್ಯವೇ ಇಲ್ಲ.

ದಾಲ್ಚಿನ್ನಿ ಪುಡಿಯನ್ನು ಎಲೆ ಅಥವಾ ಜಲ್ಲೆ ಕತ್ತರಿಸಿದ ಗಾಯಕ್ಕೆ ಹಚ್ಚಬಹುದು. ಬೇರಿಗೆ ಬಳಿಯಬೇಡಿ, ಒಳ್ಳೆಯ ಬೇರನ್ನೂ ಅದು ಒಣಗಿಸುತ್ತದೆ.

ಆಮೇಲೆ ಗಿಡವನ್ನು ಪೇಪರಿನ ಮೇಲೆ ಮಲಗಿಸಿ ಫ್ಯಾನಿನ ಗಾಳಿಗೆ ಬಿಡಿ. ಮೇ ತಿಂಗಳಾದರೆ ನಾಲ್ಕೈದು ಗಂಟೆ, ಹವೆ ತೇವವಾಗಿದ್ದರೆ ಇಡೀ ರಾತ್ರಿ. "ಬೇರು ಬರಿಗಾಳಿಗೆ ಬಿದ್ದಿದೆಯಲ್ಲ" ಎಂದು ಜೀವ ಚುರುಕ್ ಅನ್ನುತ್ತದೆ, ನನಗೂ ಅನ್ನುತ್ತಿತ್ತು. ಮರದ ಮೇಲೆ ಇದು ದಿನಾ ಅನುಭವಿಸುವುದು ಅದನ್ನೇ.

## ಹಂತ 5: ಪಾಟಿನ ಅಳತೆ ಮತ್ತು ನೆಡುವುದು

ಬೇರಿನ ಗೊಂಚಲನ್ನು ಪಾಟಿನೊಳಗೆ ಇಳಿಸಿದಾಗ ಸುತ್ತಲೂ ಒಂದು ಬೆರಳಿನಷ್ಟು ಜಾಗ ಉಳಿದರೆ ಅದೇ ಸರಿಯಾದ ಅಳತೆ. ಸಾಮಾನ್ಯ ಫೆಲನಾಪ್ಸಿಸ್‌ಗೆ ನಾಲ್ಕು ಅಂಗುಲ, ಐದಾರು ಜಲ್ಲೆಯ ಡೆಂಡ್ರೋಬಿಯಂಗೆ ಐದು ಅಂಗುಲ ಸಾಕು. ದೊಡ್ಡ ಪಾಟಿನಲ್ಲಿ ಬೇರು ತಲುಪದ ಕಡೆಯ ನೀರು ಆರದೆ ಉಳಿಯುತ್ತದೆ, ಕೊಳೆ ಶುರುವಾಗುವುದು ಅಲ್ಲಿಂದ. ಜಲ್ಲೆ ಉದ್ದವಾಗಿ ಪಾಟ್ ಮಗುಚುತ್ತದೆ ಎಂಬ ಚಿಂತೆಯಿದ್ದರೆ ಚಿಕ್ಕ ಪಾಟನ್ನು ಭಾರದ ಖಾಲಿ ಪಾಟಿನೊಳಗೆ ಇಳಿಸಿಡಿ.

ತಳದಲ್ಲಿ ದೊಡ್ಡ ಇಟ್ಟಿಗೆ ತುಂಡು ನಾಲ್ಕೈದು ಹಾಕಿ. ಆಮೇಲೆ:

ಫೆಲನಾಪ್ಸಿಸ್ ನಡುವೆ ಕೂರಬೇಕು, ಅತಿ ಕೆಳಗಿನ ಎಲೆಯ ಬುಡ ಮಿಶ್ರಣದ ಮಟ್ಟಕ್ಕಿಂತ ಸ್ವಲ್ಪ ಮೇಲಿರಬೇಕು. ಎಲೆಯ ಬುಡ ಹೂತರೆ ಅಲ್ಲಿಂದಲೇ ಕೊಳೆಯುತ್ತದೆ. ನೆಡುವಾಗ ಗಿಡವನ್ನು ಒಂದಿಷ್ಟು ಓರೆ ಮಾಡಿ. ಮರದ ಮೇಲೆ ಅದು ನೇತುಬಿದ್ದು ಬೆಳೆಯುವುದು, ಓರೆಯಿದ್ದರೆ ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲುವುದಿಲ್ಲ. ಗಾಳಿಯಲ್ಲಿ ಬೆಳೆದ ಬೇರನ್ನು ಬಲವಂತವಾಗಿ ಒಳಗೆ ತುರುಕಬೇಡಿ.

ಡೆಂಡ್ರೋಬಿಯಂ ನಡುವೆ ಕೂರಬಾರದು. ಹಳೆಯ ಜಲ್ಲೆಗಳು ಪಾಟಿನ ಅಂಚಿಗೆ ಒತ್ತಿರಲಿ, ಹೊಸ ಮೊಳಕೆ ಖಾಲಿ ಜಾಗದ ಕಡೆ ಮುಖ ಮಾಡಿರಲಿ. ಗಿಡ ನಡೆಯುವುದು ಆ ದಿಕ್ಕಿಗೆ. ಜಲ್ಲೆಗಳನ್ನು ಜೋಡಿಸುವ ಬುಡದ ದಂಟು ಮಿಶ್ರಣದ ಮೇಲೆ ಕೂತಿರಬೇಕು, ಹೂತಿರಬಾರದು.

ತುಂಡುಗಳನ್ನು ಬೇರಿನ ಸಂದಿಗೆ ಒಂದೊಂದಾಗಿ ಇಳಿಸಿ, ಪಾಟನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ಕೂರಿಸಿ. ಮೇಲಿಂದ ಒತ್ತಿ ತುಂಬಬೇಡಿ.

## ಹಂತ 6: ಅಲುಗದಂತೆ ಕಟ್ಟುವುದು

ಗಿಡದ ತುದಿ ಹಿಡಿದು ಪಾಟನ್ನು ಮೆಲ್ಲಗೆ ಎತ್ತಿ ನೋಡಿ. ಗಿಡದ ಜೊತೆ ಪಾಟೂ ಏಳಬೇಕು. ಗಿಡ ಮಾತ್ರ ಜಾರಿ ಮೇಲೆ ಬಂದರೆ ಕಟ್ಟಿದ್ದು ಸಾಲದು. ಹೊಸ ಬೇರಿನ ತುದಿ ಬಹಳ ನಾಜೂಕು. ಗಿಡ ಗಾಳಿಗೆ ಅಲುಗಿದಾಗಲೆಲ್ಲ ಆ ತುದಿ ಇದ್ದಿಲಿಗೆ ಉಜ್ಜಿ ನಿಂತುಹೋಗುತ್ತದೆ. ಎಲೆ ಹಸಿರಾಗೇ ಇರುತ್ತದೆ, ಗಿಡ ಮಾತ್ರ ತಿಂಗಳುಗಟ್ಟಲೆ ಮುಂದುವರಿಯದೆ ಕೂತಿರುತ್ತದೆ. ಬಿದಿರು ಕಡ್ಡಿಯನ್ನು ಪಾಟಿನ ಜಾಲರಿಗೆ ಬಿಗಿದು, ಪ್ರತಿ ಜಲ್ಲೆಯನ್ನೂ ಸೀರೆಯ ಅಂಚಿನಿಂದ ಎಂಟಂಕಿಯ ಸುತ್ತು ಹಾಕಿ ಕಟ್ಟಿ.

ಮುಂಬಯಿಯಲ್ಲಿ ಗಾಳಿಗಿಂತ ಪಾರಿವಾಳದ ಕಾಟ ಜಾಸ್ತಿ. ಬಾಕ್ಸ್ ಗ್ರಿಲ್ಲಿನೊಳಗೆ ನುಗ್ಗಿ ಪಾಟಿನ ಮೇಲೇ ಕೂರುತ್ತವೆ. ಗೂಡು ಕಟ್ಟುವ ಕಾಲದಲ್ಲಿ ಕಾಗೆಗಳು ತೆಂಗಿನ ನಾರು ಹಿರಿಯಲು ಬಂದು ಗಿಡವನ್ನೇ ಕಿತ್ತು ಹಾಕುತ್ತವೆ. ಬಲೆ ಕಟ್ಟಿಸುವುದು ಒಳ್ಳೆಯದು.

## ಹಂತ 7: ಮೊದಲ ಮೂರು ವಾರ

ನೆಟ್ಟ ದಿನ ನೀರಿಲ್ಲ. ಕತ್ತರಿಸಿದ್ದು ಕಡಿಮೆಯಿದ್ದರೆ ಮೂರನೇ ದಿನ, ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಐದರಿಂದ ಏಳನೇ ದಿನ ಮೊದಲ ನೀರು. ಅಲ್ಲಿಯವರೆಗೆ ನೆರಳಲ್ಲಿ, ಗಾಳಿಯಾಡುವಲ್ಲಿ ಇಡಿ. ಬೆಳಿಗ್ಗೆ ಒಮ್ಮೆ ಹೊರಗಿನ ಬೇರಿಗೆ ತೆಳುವಾಗಿ ನೀರು ಸಿಂಪಡಿಸಬಹುದು. ಕೆಳಗಿನ ಒಂದು ಎಲೆ ಹಳದಿಯಾಗಿ ಬಿದ್ದರೆ, ಜಲ್ಲೆ ಸ್ವಲ್ಪ ಸುಕ್ಕಾದರೆ ಗಾಬರಿ ಬೇಡ. ಸುಕ್ಕು ಕಂಡ ಕೂಡಲೇ ಬಕೆಟ್ ಎತ್ತಿಕೊಳ್ಳುವವರೇ ಗಿಡ ಕಳೆದುಕೊಳ್ಳುತ್ತಾರೆ.

ಗೊಬ್ಬರ ಮೂರು ನಾಲ್ಕು ವಾರದ ನಂತರ, ಹೊಸ ಬೇರಿನ ಹಸಿರು ತುದಿ ಕಂಡ ಮೇಲೆ ಮಾತ್ರ.

## ದಿನನಿತ್ಯದ ಆರೈಕೆ

ನೀರು: "ವಾರಕ್ಕೆ ಎಷ್ಟು ಸಲ" ಎಂಬ ಪ್ರಶ್ನೆಗೆ ಉತ್ತರವಿಲ್ಲ. ಸುಟ್ಟುಳಿದ ಅಗರಬತ್ತಿಯ ಬರಿಯ ಕಡ್ಡಿಯನ್ನು ಪಾಟಿನ ನಡುವೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತೇವದಿಂದ ಕಪ್ಪಾಗಿದ್ದರೆ ನೀರು ಬೇಡ. ಕೊಡುವಾಗ ಬೆಳಿಗ್ಗೆ ಹತ್ತರೊಳಗೆ, ತಳದಿಂದ ಹರಿದು ಹೋಗುವಷ್ಟು ಕೊಡಿ. ಚಮಚದ ಲೆಕ್ಕ, ಐಸ್ ತುಂಡು ಇಡುವುದು ಎರಡೂ ಬೇಡ. ಮೇ ತಿಂಗಳಲ್ಲಿ ನನ್ನ ಇದ್ದಿಲಿನ ಪಾಟುಗಳಿಗೆ ದಿನಾ ಬೇಕಾಗುತ್ತದೆ, ಜುಲೈಯಲ್ಲಿ ಎಂಟು ಹತ್ತು ದಿನ ನೋಡುವುದೇ ಇಲ್ಲ. ಫೆಲನಾಪ್ಸಿಸ್ ಸುಳಿಯಲ್ಲಿ ನೀರು ನಿಂತರೆ ಟಿಶ್ಯೂ ಸುರುಳಿ ಮಾಡಿ ಹೀರಿಸಿ.

ಮುಂಬಯಿ ನಗರಪಾಲಿಕೆಯ ಕೆರೆ ನೀರು ಮೆದು, ಹಾಗೇ ಕೊಡಬಹುದು. ಟ್ಯಾಂಕರ್, ಬೋರ್‌ವೆಲ್ ನೀರಿನ ಸೊಸೈಟಿಗಳಲ್ಲಿ ಪಾಟಿನ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ಅಂಥವರು ಮಳೆನೀರು ಹಿಡಿದಿಡಿ. ಆರ್‌ಒ ಫಿಲ್ಟರ್ ಹೊರಹಾಕುವ ನೀರು ಉಪ್ಪಿನ ಸಾರ, ಅದನ್ನು ನೆಲ ಒರೆಸಲು ಬಳಸಿ.

ಬೆಳಕು: ಪೂರ್ವದ ಬಾಲ್ಕನಿ ಸಿಕ್ಕವರು ಪುಣ್ಯವಂತರು. ಡೆಂಡ್ರೋಬಿಯಂಗೆ ಬೆಳಗಿನ ಮೂರು ನಾಲ್ಕು ಗಂಟೆಯ ಬಿಸಿಲು ಬೇಕು. ಎಲೆ ಕಡು ಹಸಿರಾಗಿ ಮಿರಮಿರ ಹೊಳೆಯುತ್ತಿದ್ದರೆ ಬೆಳಕು ಸಾಲದು ಎಂದರ್ಥ, ಗಿಣಿಹಸಿರಿದ್ದರೆ ಹೂ ಬರುತ್ತದೆ. ಪಶ್ಚಿಮದ ಬಾಲ್ಕನಿಗೆ 50 ಶೇಕಡಾ ಶೇಡ್ ನೆಟ್ ಕಟ್ಟಿ. ಮಧ್ಯಾಹ್ನ ಎಲೆ ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ಗಿಡ ಒಳಗೆ ಸರಿಸಿ. ಫೆಲನಾಪ್ಸಿಸ್‌ಗೆ ನೇರ ಬಿಸಿಲು ಬೇಡ, ಕಿಟಕಿಯ ಪಕ್ಕದ ತಿಳಿ ಬೆಳಕು ಸಾಕು. ಹಾಲಿನ ಟೀವಿ ಸ್ಟ್ಯಾಂಡಿನ ಮೇಲಿಟ್ಟರೆ ಎರಡು ತಿಂಗಳು ಚಂದ, ಆಮೇಲೆ ಇಲ್ಲ.

ಗೊಬ್ಬರ: 19-19-19 ನೀರಲ್ಲಿ ಕರಗುವ ಪುಡಿ, ಎರಡು ಲೀಟರಿಗೆ ಕಾಲು ಟೀ ಚಮಚ, ವಾರಕ್ಕೊಮ್ಮೆ. ಮೊದಲು ಬರಿ ನೀರು, ಹತ್ತು ನಿಮಿಷದ ನಂತರ ಗೊಬ್ಬರದ ನೀರು. ತಿಂಗಳಿಗೊಮ್ಮೆ ಬರಿ ನೀರಿನಿಂದ ಧಾರಾಳ ತೊಳೆಯಿರಿ. ಅಕ್ಕಿ ತೊಳೆದ ನೀರು, ಮಜ್ಜಿಗೆ, ಎಳನೀರು, ಬಾಳೆಸಿಪ್ಪೆ ಕಷಾಯ ಹಾಕಿ ಎನ್ನುವವರಿಗೆ ಕೈಮುಗಿಯಿರಿ. ಇದ್ದಿಲ ಮೇಲೆ ಅದೆಲ್ಲ ಹುಳಿತು ಇರುವೆ, ಬೂಷ್ಟು ಎರಡನ್ನೂ ಕರೆಯುತ್ತದೆ.

ಮಳೆಗಾಲ: ನೈಋತ್ಯದ ಎರಚಲು ಬೀಳುವ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಮಾತ್ರ ಕಟ್ಟಿ, ಬದಿಗಳು ತೆರೆದಿರಲಿ. ಪಾಟುಗಳ ನಡುವೆ ಒಂದು ಗೇಣು ಅಂತರವಿರಲಿ. ಅಡಿಯಲ್ಲಿ ತಟ್ಟೆ ಇಡಬೇಡಿ. ಎರಡು ಮೂರು ದಿನ ಮಳೆ ಬಿಡದೆ ಹಿಡಿದರೆ ನಾನು ಗಿಡಗಳನ್ನು ಒಳಗೆ ತಂದು ರಾತ್ರಿ ಫ್ಯಾನ್ ಹಾಕುತ್ತೇನೆ. ಮನೆಯವರು ಗೊಣಗುತ್ತಾರೆ, ಗೊಣಗಲಿ.

ಪುಣೆಯವರಿಗೆ ಹವೆ ಒಣ, ಚಳಿಗಾಲದ ರಾತ್ರಿ 10–12 ಡಿಗ್ರಿಗೆ ಇಳಿಯುತ್ತದೆ. ಸಿಪ್ಪೆಯ ಪಾಲು ಹೆಚ್ಚಿಸಿ, ಡಿಸೆಂಬರ್ ರಾತ್ರಿಗಳಲ್ಲಿ ಗಿಡ ಒಳಗಿರಲಿ, ನೀರು ತಗ್ಗಿಸಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ, ಅಲ್ಲಿ ಸಿಪ್ಪೆಯೇ ಇಲ್ಲದೆ ಬರೀ ಇದ್ದಿಲು-ಇಟ್ಟಿಗೆ ಸಾಕು. ಜಾಲರಿ ಬುಟ್ಟಿಯಲ್ಲಿ ಜಗುಲಿಯ ಮಾಡಿನಡಿ ನೇತುಹಾಕಿ.

## ಹೂ ಯಾಕೆ ಬರುತ್ತಿಲ್ಲ

ಡೆಂಡ್ರೋಬಿಯಂ ಹೂ ಬಿಡದಿದ್ದರೆ ಬೆಳಕು ನೋಡಿ, ಬೇರೆ ಏನೂ ನೋಡಬೇಡಿ. ಫೆಲನಾಪ್ಸಿಸ್‌ಗೆ ಹೂದಂಡು ಹೊರಡಲು ಕೆಲವು ವಾರದ ತಂಪು ಬೇಕು. ಮುಂಬಯಿಯಲ್ಲಿ ಅದು ಸಿಗುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಆ ಎರಡು ತಿಂಗಳು ಗಿಡವನ್ನು ಹಾಲಿನಿಂದ ಹೊರಗೆ, ರಾತ್ರಿಯ ಗಾಳಿ ತಾಗುವ ಕಿಟಕಿಗೆ ಸರಿಸಿ. ಹೂ ಮುಗಿದ ಹಸಿರು ದಂಡನ್ನು ಕೆಳಗಿನಿಂದ ಎರಡನೇ ಗೆಣ್ಣಿನ ಮೇಲೆ ಕತ್ತರಿಸಿದರೆ ಅಲ್ಲಿಂದ ಕವಲು ಬರಬಹುದು. ಗಿಡ ಬಡಕಲಾಗಿದ್ದರೆ ದಂಡನ್ನು ಬುಡಕ್ಕೇ ತೆಗೆಯಿರಿ.

ಜಲ್ಲೆಯ ಗೆಣ್ಣಿನಲ್ಲಿ ಹೂವಿನ ಬದಲು ಮರಿಗಿಡ ಹೊರಟರೆ, ಅದಕ್ಕೆ ಎರಡಂಗುಲದ ಮೂರು ಬೇರು ಬರುವವರೆಗೆ ಬಿಟ್ಟು ಆಮೇಲೆ ಬೇರ್ಪಡಿಸಿ.

## ಅಪಾಯದ ಚಿಹ್ನೆಗಳು

- ಎಲೆಯ ಮೇಲೆ ನೀರು ತುಂಬಿದ ಗುಳ್ಳೆಯಂಥ ಮಚ್ಚೆ, ಒಂದೇ ದಿನದಲ್ಲಿ ಹಿಗ್ಗುತ್ತಿದೆ, ವಾಸನೆಯಿದೆ: ಬ್ಯಾಕ್ಟೀರಿಯಾ ಕೊಳೆ. ನಾಳೆಗೆ ಬಿಡಬೇಡಿ. ಮಚ್ಚೆಯಿಂದ ಒಂದಂಗುಲ ಒಳಗೆ ಒಳ್ಳೆಯ ಭಾಗ ಸೇರಿಸಿ ಕತ್ತರಿಸಿ, ಗಿಡವನ್ನು ಉಳಿದವುಗಳಿಂದ ದೂರ ಇಡಿ, ಎಲೆಗೆ ನೀರು ತಾಗಿಸಬೇಡಿ. ಶಿಲೀಂಧ್ರನಾಶಕ ಇದಕ್ಕೆ ನಾಟುವುದಿಲ್ಲ.
- ಹೊಸ ಮೊಳಕೆ ಬುಡದಿಂದ ಕಪ್ಪಾಗಿ, ಎಳೆದರೆ ಕೈಗೆ ಬರುತ್ತದೆ: ಕಪ್ಪು ಕೊಳೆ. ಅದರ ಜೊತೆ ಪಕ್ಕದ ಜಲ್ಲೆಯ ಬುಡವನ್ನೂ ಕತ್ತರಿಸಿ ನೋಡಿ, ಒಳಗೆ ಬಣ್ಣ ಬದಲಾಗಿದ್ದರೆ ಅದೂ ಹೋಗಬೇಕು.
- ಎಲೆ ಜೋತುಬಿದ್ದಿದೆ, ಪಾಟ್ ಒದ್ದೆಯಿದೆ: ಬಾಯಾರಿಕೆಯಲ್ಲ, ಬೇರು ಸತ್ತಿದೆ. ನೀರು ನಿಲ್ಲಿಸಿ, ಹಂತ 2ರಿಂದ ಶುರು ಮಾಡಿ.
- ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ: ಹಿಟ್ಟು ತಿಗಣೆ. ಸ್ಪಿರಿಟ್ ಅದ್ದಿದ ಕಿವಿ ಕಡ್ಡಿಯಿಂದ ಒರೆಸಿ, ನಾಲ್ಕು ವಾರ ವಾರಕ್ಕೊಮ್ಮೆ ಮತ್ತೆ ನೋಡಿ. ಇರುವೆ ಸಾಲು ಕಂಡರೆ ತಿಗಣೆ ಎಲ್ಲೋ ಇದೆ ಎಂದೇ ಲೆಕ್ಕ.
- ಬೇರಿನ ಹಸಿರು ತುದಿ ರಾತ್ರೋರಾತ್ರಿ ಮಾಯ: ಬಸವನಹುಳು. ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಹುಡುಕಿ ತೆಗೆಯಿರಿ.

ಊರಿಗೆ ಹೋದಾಗ ಕಾಡಿನ ಮರದಿಂದ ಕಿತ್ತು ತಂದ ಸೀತಾಳೆಗೆ ಇದೇ ಆರೈಕೆ ಸಾಕೇ ಎಂದು ಕೇಳುವವರಿದ್ದಾರೆ. ಕೀಳಬೇಡಿ. ಹತ್ತರಲ್ಲಿ ಒಂದೂ ಬಾಲ್ಕನಿಗೆ ಒಗ್ಗದು ಎಂಬುದು ನಾನು ಕಂಡದ್ದು.

## ಬೇರೇ ಉಳಿಯದ ಗಿಡಕ್ಕೆ

ಕತ್ತರಿಸಿ ಮುಗಿಸಿದಾಗ ಒಂದೂ ಬೇರು ಉಳಿಯದಿದ್ದರೂ, ಎಲೆಗಳ ನಡುವಿನ ಸುಳಿ ಗಟ್ಟಿಯಾಗಿ ಹಸಿರಿದ್ದರೆ ಪ್ರಯತ್ನಿಸಬಹುದು. ಫೆಲನಾಪ್ಸಿಸ್‌ನಲ್ಲಿ ಹೂದಂಡಿದ್ದರೆ ಮೊದಲು ಅದನ್ನು ಕತ್ತರಿಸಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗಾಯ ಒಣಗಿದ ಮೇಲೆ ಗಾಜಿನ ಲೋಟದಲ್ಲಿ ಒಂದಂಗುಲ ನೀರು ಹಾಕಿ, ಗಿಡದ ಬುಡ ನೀರಿಗೆ ತಾಗದೆ ಅರ್ಧ ಅಂಗುಲ ಮೇಲಿರುವಂತೆ ಲೋಟದ ಬಾಯಿಗೆ ಎಲೆಗಳನ್ನು ಆನಿಸಿ ಕೂರಿಸಿ. ನೆರಳಲ್ಲಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಡೆಂಡ್ರೋಬಿಯಂ ಆದರೆ ಜಲ್ಲೆಯನ್ನು ಒಂದು ತೆಂಗಿನ ಸಿಪ್ಪೆಯ ಹೋಳಿಗೆ ಬಿಗಿಯಾಗಿ ಕಟ್ಟಿ, ಬೆಳಿಗ್ಗೆ ಮಾತ್ರ ಸಿಂಪಡಿಸಿ. ಎರಡು ಮೂರು ತಿಂಗಳು ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಉಬ್ಬು ಕಾಣಿಸಬಹುದು. ಮುಟ್ಟಿ ನೋಡುವ ಆಸೆ ತಡೆದುಕೊಳ್ಳಿ. ಅದು ಎರಡಂಗುಲದ ಬೇರಾದಾಗ ಮೂರಂಗುಲದ ಪಾಟ್ ತೆಗೆದುಕೊಂಡು ಹಂತ 5ಕ್ಕೆ ಹೋಗಿ.